ಚೆಂಗ್ಡುವಿನಲ್ಲಿ ಗಣಿತ ಶಿಕ್ಷಕಿಯ ಕೆಲಸ ಸಿಕ್ಕಿದೆ: ಹೊರಡುವ ಮೊದಲು ಏನೇನು ನೋಡಿಕೊಳ್ಳಬೇಕು?

ನಳಿನಿ ಎಚ್. ಎಸ್. (ಬೆಂಗಳೂರು), ಜೂನ್ 2

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೇನೆ. ಈಗ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದಲ್ಲಿ, ಪ್ರೌಢಶಾಲೆಯೊಂದರ ಅಂತರರಾಷ್ಟ್ರೀಯ ವಿಭಾಗಕ್ಕೆ ಎ-ಲೆವೆಲ್ (ಬ್ರಿಟಿಷ್ ಪಠ್ಯಕ್ರಮದ ಪದವಿಪೂರ್ವ ಮಟ್ಟ) ಗಣಿತ ಬೋಧಿಸುವ ಕೆಲಸ ಸಿಕ್ಕಿದೆ. ಆಗಸ್ಟ್ ಕೊನೆಯ ವಾರದೊಳಗೆ ಅಲ್ಲಿರಬೇಕು. ಪತಿ ಮತ್ತು ಆರನೇ ತರಗತಿಯಲ್ಲಿರುವ ಮಗಳು ಮೊದಲ ವರ್ಷ ಇಲ್ಲಿಯೇ ಇರುತ್ತಾರೆ; ನನಗೆ ಹೊಂದಿಕೆಯಾದರೆ ಮುಂದೆ ಅವರೂ ಬರುವ ಯೋಚನೆಯಿದೆ.

ಒಪ್ಪಂದಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲ. ಅದರಲ್ಲಿ ಯಾವುದನ್ನು ಗಮನಿಸಬೇಕು, ಹೋದ ಮೊದಲ ತಿಂಗಳು ಹೇಗಿರುತ್ತದೆ ಎಂಬುದನ್ನು ಅಲ್ಲಿ ಪಾಠ ಮಾಡಿದವರಿಂದಲೇ ಕೇಳಬೇಕೆನಿಸಿತು. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ತಿನ್ನುವುದಿಲ್ಲ. ಇನ್ನೊಂದು ಸಣ್ಣ ಸಂಗತಿ: ನನ್ನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಇದೆ. ಎಚ್ ಎಂದರೆ ಊರು, ಎಸ್ ಎಂದರೆ ತಂದೆಯ ಹೆಸರು; ಎರಡನ್ನೂ ಬಿಡಿಸಿ 'ನಳಿನಿ ಹೊಸಹಳ್ಳಿ ಶಿವಣ್ಣ' ಎಂದು ಹೆಸರಿನ ಜಾಗದಲ್ಲಿಯೇ ಮುದ್ರಿಸಿದ್ದಾರೆ. ಇದರಿಂದ ತೊಂದರೆಯಾಗುತ್ತದೆಯೇ?

ತುಂಗಾತೀರ (ಸುಜೋ), ಜೂನ್ 3

ಮೇಡಂ, ನೀವು ಕೊನೆಯಲ್ಲಿ 'ಸಣ್ಣ ಸಂಗತಿ' ಎಂದು ಬರೆದಿರುವುದೇ ಎಲ್ಲಕ್ಕಿಂತ ದೊಡ್ಡದು. ಆದರೆ ಮೊದಲು ವೀಸಾದ ವಿಚಾರ ಹೇಳಿಬಿಡುತ್ತೇನೆ. ನಾನು ಶಿವಮೊಗ್ಗದವನು, ಒಂಬತ್ತು ವರ್ಷಗಳಿಂದ ಇಲ್ಲಿ, ಚೀನಾದ ಸುಜೋ ನಗರದಲ್ಲಿ, ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ.

ಚೀನಾದಲ್ಲಿ ಕೆಲಸ ಮಾಡಲು ಝಡ್ ವೀಸಾ ಬೇಕು. ಅದಕ್ಕೂ ಮೊದಲು ನಿಮ್ಮ ಶಾಲೆ ಅಲ್ಲಿನ ಇಲಾಖೆಯಿಂದ ಕೆಲಸದ ಪರವಾನಗಿಯ ಸೂಚನಾಪತ್ರವನ್ನು ಪಡೆದು ನಿಮಗೆ ಕಳುಹಿಸಬೇಕು. 2017ರಿಂದ ವಿದೇಶಿ ಕೆಲಸಗಾರರನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. ನಮ್ಮಂಥ ಶಿಕ್ಷಕರಲ್ಲಿ ಹೆಚ್ಚಿನವರು ಬಿ ವರ್ಗಕ್ಕೆ ಸೇರುತ್ತಾರೆ. ಪದವಿ, ಸಂಬಂಧಿಸಿದ ಕ್ಷೇತ್ರದಲ್ಲಿ ಎರಡು ವರ್ಷಗಳ ಅನುಭವ, ಪೊಲೀಸ್ ಪರಿಶೀಲನಾ ಪತ್ರ, ವೈದ್ಯಕೀಯ ತಪಾಸಣೆ ಇವು ಮುಖ್ಯ. ನನ್ನ ಪದವಿಪತ್ರದ ಮೇಲೆ ರಾಜ್ಯದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಚೀನಾ ರಾಯಭಾರ ಕಚೇರಿಯದ್ದು ಎಂದು ಮೂರು ಮುದ್ರೆಗಳು ಬೀಳುವಷ್ಟರಲ್ಲಿ ಏಳು ವಾರ ಕಳೆದಿತ್ತು. ಯಾವ ಮುದ್ರೆ ಬೇಕೆಂದು ಶಾಲೆಯಿಂದ ಲಿಖಿತವಾಗಿ ಕೇಳಿ ತಿಳಿಯದೆ ಏಜೆಂಟರಿಗೆ ಹಣ ಕೊಡಬೇಡಿ. ಜೂನ್ ಆರಂಭವಾಗಿದೆ, ನಿಮಗೆ ಪುರಸೊತ್ತು ಇಲ್ಲ.

ವೀಸಾ ಕೈಗೆ ಬಂದಾಗ ವಾಸದ ಅವಧಿಯ ಜಾಗದಲ್ಲಿ ಸೊನ್ನೆ ದಿನ ಎಂದು ಮುದ್ರಿಸಿರುತ್ತದೆ. ಗಾಬರಿಯಾಗಬೇಡಿ, ಅದು ತಪ್ಪಲ್ಲ. ದೇಶದೊಳಗೆ ಕಾಲಿಟ್ಟ 30 ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು ಎಂಬುದು ಅದರ ಅರ್ಥ. ಹೋಟೆಲ್ ಬಿಟ್ಟು ಬೇರೆ ಮನೆಯಲ್ಲಿ ತಂಗಿದರೆ 24 ಗಂಟೆಗಳೊಳಗೆ ಆ ಬಡಾವಣೆಯ ಪೊಲೀಸ್ ಠಾಣೆಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಮಾಡದಿದ್ದರೆ 2,000 ಯುವಾನ್‌ವರೆಗೆ ದಂಡ ಹಾಕಬಹುದು. ಮನೆ ಬದಲಾಯಿಸಿದಾಗ ಮತ್ತೆ ಹೋಗಬೇಕು. ರಜೆಗೆ ಊರಿಗೆ ಹೋಗಿ ಬಂದಾಗಲೂ ಒಮ್ಮೆ ಠಾಣೆಯಲ್ಲಿ ವಿಚಾರಿಸಿ.

ಒಪ್ಪಂದದಲ್ಲಿ ಸಂಬಳದ ಅಂಕಿಗಿಂತ ಮೊದಲು ಎರಡು ಸಾಲುಗಳನ್ನು ಹುಡುಕಿ. ಒಂದು, ವಾರಕ್ಕೆ ಎಷ್ಟು ಪಾಠ ಎಂಬುದರ ಜೊತೆಗೆ ಶಾಲೆಯಲ್ಲಿ ಎಷ್ಟು ಗಂಟೆ ಕುಳಿತಿರಬೇಕು ಎಂಬುದು. ನನ್ನ ಮೊದಲ ಒಪ್ಪಂದದಲ್ಲಿ 'ವಾರಕ್ಕೆ 18 ಪಾಠ' ಎಂದಿತ್ತು. ರಾತ್ರಿ ಒಂಬತ್ತೂವರೆಯವರೆಗೆ ನಡೆಯುವ ಸ್ವಯಂ ಅಧ್ಯಯನದ ಅವಧಿಯಲ್ಲಿ ವಾರಕ್ಕೆ ಎರಡು ದಿನ ಕೂರಬೇಕೆಂಬುದು ಹೋದ ಮೇಲೆಯೇ ಗೊತ್ತಾಯಿತು. ಎರಡು, ಕೆಲಸ ಬಿಡುವಾಗ ಬಿಡುಗಡೆ ಪತ್ರವನ್ನು ಎಷ್ಟು ದಿನಗಳಲ್ಲಿ ಕೊಡುತ್ತಾರೆ ಎಂಬುದು. ಆ ಪತ್ರವೂ ಹಳೆಯ ಪರವಾನಗಿ ರದ್ದಾದ ದಾಖಲೆಯೂ ಇಲ್ಲದೆ ಇನ್ನೊಂದು ಶಾಲೆ ನಿಮ್ಮನ್ನು ಸೇರಿಸಿಕೊಳ್ಳುವುದು ಕಷ್ಟ.

ಮನೆ ಬಾಡಿಗೆಗೆ ಇಲ್ಲಿ 'ಯಾ ಯಿ ಫು ಸಾನ್' ಎನ್ನುತ್ತಾರೆ. ಒಂದು ತಿಂಗಳ ಬಾಡಿಗೆ ಠೇವಣಿ, ಮೂರು ತಿಂಗಳದ್ದು ಮುಂಗಡ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡ ನಮಗೆ ಇದು ಹಗುರವೆನಿಸುತ್ತದೆ, ಆದರೆ ಮೊದಲ ಸಂಬಳ ಬರುವ ಮೊದಲೇ ನಾಲ್ಕು ತಿಂಗಳ ಬಾಡಿಗೆ ಕೈಯಲ್ಲಿರಬೇಕು ಎಂಬುದನ್ನು ಮರೆಯಬೇಡಿ.

ಇನ್ನು ಹೆಸರು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ, ಅದೇ ಅನುಕ್ರಮದಲ್ಲಿ, ಅದೇ ಬಿಡುವುಗಳೊಂದಿಗೆ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ, ಮೊಬೈಲ್ ಅಂಗಡಿಯಲ್ಲಿ, ಶಾಲೆಯ ಕಚೇರಿಯಲ್ಲಿ ಆ ಚೀಟಿಯನ್ನೇ ಮುಂದಿಡಿ. ನೀವು ಬಾಯಲ್ಲಿ ಹೇಳಬೇಡಿ, ಅವರು ಊಹಿಸುವುದಕ್ಕೂ ಬಿಡಬೇಡಿ.

ಚಾಮುಂಡಿಬೆಟ್ಟ (ಕುನ್ಮಿಂಗ್), ಜೂನ್ 3

ತುಂಗಾತೀರ ಅವರು ಹೇಳದೆ ಉಳಿಸಿದ ಒಂದು ಮಾತನ್ನು ನಾನು ಸೇರಿಸುತ್ತೇನೆ. ನಾನು ಮೈಸೂರಿನವನು, ಯೋಗ ಶಿಕ್ಷಕ. ಯುನ್ನಾನ್‌ನ ಕುನ್ಮಿಂಗ್ ನಗರದಲ್ಲಿ 2015ರಲ್ಲಿ ವಿಶ್ವವಿದ್ಯಾಲಯವೊಂದರೊಳಗೆ ಭಾರತ-ಚೀನಾ ಯೋಗ ಕಾಲೇಜು ಆರಂಭವಾಗಿತ್ತು. ಇಲ್ಲಿ ಯೋಗ ಕಲಿಯಬೇಕೆಂಬ ಆಸೆ ಜನರಲ್ಲಿ ನಿಜವಾಗಿಯೂ ಇದೆ. ಆ ಆಸೆಯನ್ನೇ ನಂಬಿ ನಾನು ಮೊದಲ ಬಾರಿ ಬಂದದ್ದು ವ್ಯಾಪಾರದ ವೀಸಾದಲ್ಲಿ. 'ಮೊದಲು ಬನ್ನಿ, ಬಂದ ಮೇಲೆ ಬದಲಾಯಿಸೋಣ' ಎಂದು ಕರೆಸಿಕೊಂಡ ಸಂಸ್ಥೆಯವರು ಹೇಳಿದ್ದರು. ಆರನೇ ವಾರ ಪೊಲೀಸರು ತರಗತಿಗೇ ಬಂದರು. ಪರವಾನಗಿಯಿಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 20,000 ಯುವಾನ್‌ವರೆಗೆ ದಂಡ, ಗಂಭೀರ ಪ್ರಕರಣದಲ್ಲಿ 5ರಿಂದ 15 ದಿನಗಳ ಬಂಧನ ಎಂದು ಕಾನೂನಿನಲ್ಲಿದೆ. ನನಗೆ ದಂಡ ಮಾತ್ರ ಬಿತ್ತು. ಅದನ್ನು ನಾನೇ ಕಟ್ಟಿದೆ. ಕರೆಸಿಕೊಂಡವರ ಫೋನು ಆ ದಿನದಿಂದ ಸ್ವಿಚ್ ಆಫ್. ಎರಡು ವರ್ಷ ಬಿಟ್ಟು ಸರಿಯಾದ ದಾರಿಯಲ್ಲಿ ಮತ್ತೆ ಬಂದಿದ್ದೇನೆ.

ಕಾಗದದಲ್ಲಿರುವ ಶಾಲೆಯ ಹೆಸರು, ಪರವಾನಗಿಯಲ್ಲಿರುವ ಹೆಸರು, ನೀವು ಪಾಠ ಮಾಡುವ ಕಟ್ಟಡದ ಹೆಸರು ಮೂರೂ ಒಂದೇ ಆಗಿರಲಿ, ಅಕ್ಕಾ.

ಬಯಲುಸೀಮೆ (ತುಮಕೂರು), ಜೂನ್ 4

ಇಷ್ಟೊಂದು ಹೆದರಿಸುವ ಅಗತ್ಯವಿದೆಯೇ? ನನ್ನ ಪರಿಚಯದ ಹುಡುಗನೊಬ್ಬ 2018ರಲ್ಲಿ ಅಲ್ಲಿಗೆ ಹೋಗಿ ಸಂಜೆಯ ಟ್ಯೂಷನ್ ಕೇಂದ್ರದಲ್ಲಿ ಇಂಗ್ಲಿಷ್ ಹೇಳಿಕೊಟ್ಟು ಚೆನ್ನಾಗಿ ಸಂಪಾದಿಸಿದ. ನನ್ನ ಮಗಳು ಇಂಗ್ಲಿಷ್ ಎಂ.ಎ. ಮಾಡಿದ್ದಾಳೆ, ಅವಳಿಗೂ ಅದೇ ದಾರಿ ಆಗಬಹುದೆಂದು ಕೇಳುತ್ತಿದ್ದೇನೆ.

ತುಂಗಾತೀರ (ಸುಜೋ), ಜೂನ್ 4

ಸರ್, ಹೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಹುಡುಗ ಹೋದ ಕಾಲ ಬೇರೆ. 2021ರ ಜುಲೈನಲ್ಲಿ ಸರ್ಕಾರ ಮಕ್ಕಳ ಮೇಲಿನ ಹೋಮ್‌ವರ್ಕ್ ಮತ್ತು ಟ್ಯೂಷನ್ ಎರಡರ ಹೊರೆಯನ್ನೂ ಇಳಿಸುವ ನೀತಿಯನ್ನು ತಂದಿತು. ಶಾಲಾ ವಿಷಯಗಳ ಟ್ಯೂಷನ್‌ನಿಂದ ಲಾಭ ಮಾಡುವಂತಿಲ್ಲ, ವಾರಾಂತ್ಯದಲ್ಲಿಯೂ ರಜೆಯಲ್ಲಿಯೂ ಪಾಠ ಮಾಡುವಂತಿಲ್ಲ ಎಂದಾದ ಮೇಲೆ ಬೀದಿಗೊಂದರಂತೆ ಇದ್ದ ಕೇಂದ್ರಗಳು ಬಾಗಿಲು ಹಾಕಿದವು. ಅಲ್ಲದೆ ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನು ಕಲಿಸುವವರಾಗಿರಬೇಕು, ಆ ಭಾಷೆಯನ್ನಾಡುವ ದೇಶದ ಪ್ರಜೆಗಳಾಗಿರಬೇಕು ಎಂಬ ನಿಯಮವಿದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯದಂಥ ದೇಶಗಳ ಪಾಸ್‌ಪೋರ್ಟು ಇದ್ದವರಿಗೆ ತೆರೆಯುವ ಬಾಗಿಲು ನಮ್ಮ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ತೆರೆಯುವುದಿಲ್ಲ. ನಿಮ್ಮ ಮಗಳ ಇಂಗ್ಲಿಷ್ ಅವರೆಲ್ಲರಿಗಿಂತ ಶುದ್ಧವಾಗಿರಬಹುದು. ಅದು ನನಗೂ ಅನ್ಯಾಯವೆನಿಸುತ್ತದೆ, ಆದರೆ ಕಿಟಕಿಯ ಹಿಂದೆ ಕುಳಿತ ಅಧಿಕಾರಿ ನೋಡುವುದು ಪಾಸ್‌ಪೋರ್ಟನ್ನು. ಗಣಿತ, ಭೌತಶಾಸ್ತ್ರ, ಅರ್ಥಶಾಸ್ತ್ರ ಬೋಧಿಸುವ ನಮ್ಮಂಥವರಿಗೆ ಈ ಅಡ್ಡಿಯಿಲ್ಲ.

ಅಘನಾಶಿನಿ (ಚೆಂಗ್ಡು), ಜೂನ್ 6

ನಳಿನಿಯವರೇ, ನಾನು ಕುಮಟೆಯವಳು. ಪತಿಯ ಕೆಲಸದ ಕಾರಣ ನಾಲ್ಕು ವರ್ಷಗಳಿಂದ ಚೆಂಗ್ಡುವಿನಲ್ಲಿದ್ದೇನೆ. ವೀಸಾದ ವಿಷಯವನ್ನು ಬಲ್ಲವರು ಬರೆದಿದ್ದಾರೆ, ನಾನು ಹೊಟ್ಟೆಯ ವಿಷಯ ಬರೆಯುತ್ತೇನೆ.

'ಮಾಂಸ ಬೇಡ' ಎಂದು ಹೇಳಿದರೆ ಇಲ್ಲಿ ಸಾಲದು. ದೊಡ್ಡ ತುಂಡುಗಳನ್ನು ಬಿಟ್ಟು, ರುಚಿಗೆಂದು ಹಾಕುವ ಕೊಚ್ಚಿದ ಹಂದಿಮಾಂಸವನ್ನು ಹಾಗೆಯೇ ಹಾಕಿ ತಂದಿಡುತ್ತಾರೆ; ಅವರ ಲೆಕ್ಕದಲ್ಲಿ ಅದು ಮಸಾಲೆ. ಹುರಿದ ಹುರುಳಿಕಾಯಿಯಲ್ಲಿ ಅದು ಇರುತ್ತದೆ, ಪ್ರಸಿದ್ಧವಾದ ಮಾಪೋ ತೋಫುವಿನಲ್ಲಿಯೂ ಕೊಚ್ಚಿದ ದನದ ಅಥವಾ ಹಂದಿಯ ಮಾಂಸ ಇರುತ್ತದೆ. 'ಮೀನಿನ ಘಮದ ಬದನೆಕಾಯಿ' ಎಂಬ ಪಲ್ಯವೊಂದಿದೆ. ಹೆಸರಿಗೆ ವಿರುದ್ಧವಾಗಿ ಅದರಲ್ಲಿ ಮೀನಿಲ್ಲ, ಆದರೆ ಕೊಚ್ಚಿದ ಮಾಂಸ ಇರುವುದುಂಟು. ಆದ್ದರಿಂದ 'ವೊ ಛಿ ಸು' ಎಂದು ಹೇಳುವುದನ್ನು ಕಲಿಯಿರಿ. 'ನಾನು ಸಸ್ಯಾಹಾರ ವ್ರತದವಳು' ಎಂಬ ಧ್ವನಿ ಅದಕ್ಕಿದೆ. ಬೌದ್ಧ ಸಂಪ್ರದಾಯದಿಂದ ಎಲ್ಲರಿಗೂ ಪರಿಚಿತವಾದ ಮಾತು. ಹಾಗೆಂದ ಮೇಲೆ ಕೆಲವರು ಬೆಳ್ಳುಳ್ಳಿ ಈರುಳ್ಳಿಯನ್ನೂ ತೆಗೆದುಬಿಡುತ್ತಾರೆ, ಮೊಟ್ಟೆಯನ್ನೂ ಕೊಡುವುದಿಲ್ಲ. ಮೊಟ್ಟೆ ಬೇಕಿದ್ದರೆ ಬೇರೆಯಾಗಿ ಹೇಳಿ; ಟೊಮೇಟೊ ಹಾಕಿ ಕದಡಿದ ಮೊಟ್ಟೆ ಯಾವ ಶಾಲೆಯ ಊಟದ ಮನೆಯಲ್ಲಿಯೂ ಸಿಗುತ್ತದೆ. ಮನಸ್ಸಿಗೆ ಅನುಮಾನವಿಲ್ಲದೆ ಉಣ್ಣಬೇಕೆನಿಸಿದ ದಿನ ವೆನ್‌ಶು ವಿಹಾರಕ್ಕೆ ಹೋಗಿ, ಅಲ್ಲಿನ ಭೋಜನಶಾಲೆ ಪೂರ್ತಿ ಸಸ್ಯಾಹಾರಿ.

ಇಲ್ಲಿನ ಹುಆಜ್ಯಾವ್ ಕಾಳನ್ನು ಮೊದಲ ಸಲ ಕಚ್ಚಿದವರು ನಾಲಿಗೆ ಮರಗಟ್ಟಿತೆಂದು ಗಾಬರಿಗೊಳ್ಳುತ್ತಾರೆ. ನಾನು ಕಚ್ಚಿದಾಗ ನನಗೆ ಅಳು ಬಂತು, ಏಕೆಂದರೆ ಅದು ನಮ್ಮ ಕಡೆಯ ಜುಮ್ಮನಕಾಯಿಯ ಸೋದರಿ. ಕೊಂಕಣಿಯವರು ತಿರ್ಫಳ ಎನ್ನುತ್ತಾರಲ್ಲ, ಅದೇ ಜಾತಿಯ ಗಿಡ. ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣು ಆನ್‌ಲೈನಿನಲ್ಲಿ ತರಿಸಬಹುದು. ಭಾರತೀಯ ವರ್ತಕರು ಬಹಳವಾಗಿ ನೆಲೆಸಿರುವ ಯಿವು ಊರಿನ ಅಂಗಡಿಗಳಿಂದ ನನಗೆ ಮೂರು ದಿನಕ್ಕೆ ಬರುತ್ತದೆ. ಕರಿಬೇವು ಮಾತ್ರ ಹಂಬಲವಾಗಿಯೇ ಉಳಿಯುತ್ತದೆ.

ಮನೆಗೆ ಫೋನು ಮಾಡುವ ವ್ಯವಸ್ಥೆಯನ್ನು ಹೊರಡುವ ಮೊದಲೇ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ಇಲ್ಲಿ ತೆರೆಯುವುದಿಲ್ಲ. ಇಲ್ಲಿ ಎಲ್ಲರೂ ಬಳಸುವ ವೀಚಾಟ್ 2020ರ ಜೂನ್‌ನಿಂದ ಭಾರತದಲ್ಲಿ ನಿಷಿದ್ಧ. ಹೀಗಾಗಿ ಎರಡೂ ಕಡೆ ತೆರೆದಿರುವ ಬಾಗಿಲು ಬಹಳ ಕಿರಿದು. ನಾನು ಭಾರತದ ಸಿಮ್ ಅನ್ನು ಅಂತರರಾಷ್ಟ್ರೀಯ ರೋಮಿಂಗ್‌ನಲ್ಲಿ ಜೀವಂತ ಇಟ್ಟಿದ್ದೇನೆ. ಅದರ ಮೂಲಕ ವಾಟ್ಸ್‌ಆ್ಯಪ್ ನಡೆಯುತ್ತದೆ, ಊರಿನ ಬ್ಯಾಂಕಿನ ಒಟಿಪಿಯೂ ಅದಕ್ಕೇ ಬರುತ್ತದೆ. ಸಮಯದ ವ್ಯತ್ಯಾಸ ಎರಡೂವರೆ ಗಂಟೆ ಮಾತ್ರ; ಮಗಳು ಶಾಲೆಯಿಂದ ಬರುವಾಗ ನೀವೂ ಮನೆ ಸೇರಿರುತ್ತೀರಿ.

ನಳಿನಿ ಎಚ್. ಎಸ್. (ಚೆಂಗ್ಡು), ಡಿಸೆಂಬರ್ 14

ಎಲ್ಲರ ಕ್ಷಮೆ ಕೋರುತ್ತೇನೆ. ಬಂದು ಮೂರೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಒಪ್ಪಂದದಲ್ಲಿ ಆ ಎರಡು ಸಾಲುಗಳನ್ನು ಸೇರಿಸಿಕೊಂಡ ನಂತರವೇ ಸಹಿ ಹಾಕಿದೆ. ಅದಕ್ಕಾಗಿ ತುಂಗಾತೀರ ಅವರಿಗೆ ಋಣಿ.

ಹೆಸರಿನ ಚೀಟಿಯನ್ನು ಬರೆದಿಟ್ಟುಕೊಂಡಿದ್ದೆ, ಆದರೂ ಸೋತೆ. ಬ್ಯಾಂಕಿನ ಹುಡುಗಿ ಮೂರೂ ಪದಗಳನ್ನು ಬಿಡುವಿಲ್ಲದೆ ಒಂದೇ ಸರವಾಗಿ ಹೊಡೆದಳು; ಮೊಬೈಲ್ ಅಂಗಡಿಯವನು ಶಿವಣ್ಣ ಎಂಬುದನ್ನು ಮೊದಲಿಗೆ ತಂದ. ಎರಡೂ ತಾಳೆಯಾಗದ ಕಾರಣ, ಮೊಬೈಲಿನಿಂದ ಹಣ ಕೊಡುವ ಆಲಿಪೇ ಆ್ಯಪ್ ನನ್ನನ್ನು ನಾನೇ ಎಂದು ಒಪ್ಪಲಿಲ್ಲ. ಇಲ್ಲಿ ತರಕಾರಿಯವರಿಂದ ಹಿಡಿದು ಬೀದಿ ಬದಿಯ ಸಿಹಿಗೆಣಸಿನ ಗಾಡಿಯವರೆಗೆ ಎಲ್ಲರೂ ಕ್ಯೂಆರ್ ಚೌಕವನ್ನೇ ಮುಂದೆ ಹಿಡಿಯುವುದರಿಂದ, ಹನ್ನೆರಡು ದಿನ ನಾನು ನೋಟು ಹಿಡಿದುಕೊಂಡು ಚಿಲ್ಲರೆಗಾಗಿ ಪರದಾಡಿದೆ. ಕೊನೆಗೆ ಶಾಲೆಯ ಕಚೇರಿಯ ಸಹಾಯಕಿ ನನ್ನ ಜೊತೆ ಬಂದು, ಬ್ಯಾಂಕಿನಲ್ಲಿ ಒಂದೂವರೆ ಗಂಟೆ ಕುಳಿತು ಸರಿಪಡಿಸಿದರು. ಅಷ್ಟರಲ್ಲಿ ನನ್ನ ಕೊಠಡಿಯ ಬಾಗಿಲಿಗೆ 'ಶಿವಣ್ಣ ಲಾವ್‌ಶೀ' ಎಂಬ ಫಲಕ ಬಂದಿತ್ತು. ಲಾವ್‌ಶೀ ಎಂದರೆ ಗುರು. ಹೊಸಹಳ್ಳಿಯ ಗದ್ದೆ ಬಿಟ್ಟು ಹಾಸನದಾಚೆ ಹೋಗದಿದ್ದ ನನ್ನ ತಂದೆ ಚೆಂಗ್ಡುವಿನಲ್ಲಿ ಗಣಿತದ ಮೇಷ್ಟ್ರಾದರು. ಫೋಟೊ ಕಳುಹಿಸಿದಾಗ ಅವರು, 'ಸಂಬಳ ಯಾರಿಗೆ ಬರುತ್ತದೆ?' ಎಂದು ಕೇಳಿದರು.

ತರಗತಿಯ ಬಗ್ಗೆ ಹೇಳಬೇಕಾದ್ದು ಬಹಳ ಇದೆ. ಮೊದಲ ವಾರ ಪ್ರಶ್ನೆ ಕೇಳಿದರೆ ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ನನ್ನ ಇಂಗ್ಲಿಷ್ ತಿಳಿಯುತ್ತಿಲ್ಲವೇನೋ ಎಂದು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಕಾಗದದ ಮೇಲೆ ಬಿಡಿಸಲು ಹೇಳಿದಾಗ ಬಹುತೇಕ ಎಲ್ಲರ ಉತ್ತರವೂ ಸರಿ. ಎಲ್ಲರೆದುರು ತಪ್ಪು ಹೇಳಿ ಸಣ್ಣವರಾಗುವುದು ಅವರಿಗೆ ಇಷ್ಟವಿಲ್ಲ ಎಂದು ತಿಳಿಯಲು ಮೂರು ವಾರ ಬೇಕಾಯಿತು. ಮಧ್ಯಾಹ್ನದ ಊಟದ ನಂತರ ಇಡೀ ಶಾಲೆ ಮಲಗುತ್ತದೆ. ಮಕ್ಕಳು ಮೇಜಿನ ಮೇಲೆಯೇ ಪುಟ್ಟ ದಿಂಬಿಟ್ಟು ತಲೆಯೊರಗಿಸುತ್ತಾರೆ. ಆ ಹೊತ್ತಿನಲ್ಲಿ ಒಬ್ಬೊಬ್ಬರಾಗಿ, ಸದ್ದಿಲ್ಲದೆ ನನ್ನ ಕೊಠಡಿಗೆ ಬಂದು, ತರಗತಿಯಲ್ಲಿ ಕೇಳದ ಪ್ರಶ್ನೆಗಳನ್ನೆಲ್ಲ ಕೇಳುತ್ತಾರೆ. ನಾನೀಗ ಮಧ್ಯಾಹ್ನ ನಿದ್ದೆ ಮಾಡುವುದನ್ನು ಬಿಟ್ಟಿದ್ದೇನೆ.

ಅವರ ಮಗ್ಗಿ ಒಂಬತ್ತೊಂಬತ್ಲಿಗೆ ನಿಲ್ಲುತ್ತದೆ. ನಾವು ಇಪ್ಪತ್ತರವರೆಗೆ ಉರು ಹೊಡೆಯುತ್ತಿದ್ದೆವು ಎಂದಾಗ ನಂಬಲಿಲ್ಲ. ಹದಿನೇಳರ ಮಗ್ಗಿಯನ್ನು ಕನ್ನಡದಲ್ಲಿಯೇ ಹೇಳಿ ತೋರಿಸಿದೆ, ಚಪ್ಪಾಳೆ ಬಿತ್ತು. ಸಂಖ್ಯೆಗಳನ್ನು ಓದುವುದರಲ್ಲಿ ಮಾತ್ರ ನಾವು ಮೂರು ದಾರಿಯವರು. 1250000 ಎಂದು ಹಲಗೆಯ ಮೇಲೆ ಬರೆದರೆ ನನ್ನ ಮನಸ್ಸು ಹನ್ನೆರಡೂವರೆ ಲಕ್ಷ ಎನ್ನುತ್ತದೆ, ಪಠ್ಯಪುಸ್ತಕ 1.25 ಮಿಲಿಯನ್ ಎನ್ನುತ್ತದೆ, ಮಕ್ಕಳು 125 ವಾನ್ ಎನ್ನುತ್ತಾರೆ. ಅವರ ಎಣಿಕೆ ಹತ್ತು ಸಾವಿರದ ಕಂತೆಗಳಲ್ಲಿ. ಹತ್ತರ ಘಾತದಲ್ಲಿ ಬರೆದಾಗ ಮಾತ್ರ ಮೂವರೂ ಒಂದೆಡೆ ಸೇರುತ್ತೇವೆ. ಸಂತೆಯಲ್ಲಿಯೂ ಇದೇ ಕಥೆ. ಪಾಲಕ್‌ನಂಥ ಸೊಪ್ಪಿನ ಕಟ್ಟಿಗೆ ಅಜ್ಜಿಯೊಬ್ಬರು ಹೆಬ್ಬೆರಳು ತೋರುಬೆರಳು ಎರಡನ್ನೂ ಚಾಚಿ ತೋರಿಸಿದರು. ಎರಡು ಯುವಾನ್ ಎಂದುಕೊಂಡು ಕೊಟ್ಟೆ, ಅವರು ನಕ್ಕು ಮತ್ತೆ ಅದೇ ಬೆರಳುಗಳನ್ನು ತೋರಿಸಿದರು. ಅದು ಎಂಟು.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸೆಪ್ಟೆಂಬರ್ 10 ಇಲ್ಲಿ ಶಿಕ್ಷಕರ ದಿನ. ಮಕ್ಕಳು ನನಗೊಂದು ಕಾರ್ಡು ಕೊಟ್ಟರು. ಅದರ ಮರುದಿನ ಅಂಕಪಟ್ಟಿಯಲ್ಲಿ ಅವರೆಲ್ಲರ ಹೆಸರುಗಳನ್ನು, ನಮ್ಮ ಕಾಲೇಜಿನ ರೂಢಿಯಂತೆ, ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಹಚ್ಚಿದೆ. ಜೊತೆಯ ಶಿಕ್ಷಕಿ ಅದನ್ನು ನೋಡಿದವರೇ ಏನೂ ಹೇಳದೆ ಕಿತ್ತು ತಂದು, ಬಾಗಿಲು ಮುಚ್ಚಿ, ಜೀವಂತ ಮನುಷ್ಯರ ಹೆಸರನ್ನು ಕೆಂಪಿನಲ್ಲಿ ಬರೆಯುವುದು ಅಶುಭವೆಂದು ತಿಳಿಸಿದರು. ಅಂಕಗಳನ್ನು ಕೆಂಪಿನಲ್ಲಿ ಬರೆಯಬಹುದು, ಹೆಸರನ್ನು ಬರೆಯಬಾರದು. ಇಪ್ಪತ್ತೆರಡು ಹೆಸರುಗಳನ್ನು ಅಂದೇ ನೀಲಿಯಲ್ಲಿ ಮತ್ತೆ ಬರೆದೆ.

ಅದೇ ಶಿಕ್ಷಕಿ ನನಗೆ ಚೀನೀ ಹೆಸರನ್ನೂ ಹುಡುಕಿಕೊಟ್ಟರು. ನಳಿನಿ ಎಂದರೆ ತಾವರೆ ಎಂದಾಗ ಮಕ್ಕಳು 'ಬಿಳಿ ತಾವರೆ' ಎಂದೇ ಕರೆಯೋಣವೆಂದು ಗುಸುಗುಸು ನಕ್ಕರು. ಈಗಿನ ಆಡುಮಾತಿನಲ್ಲಿ ಅದಕ್ಕೆ ಮುಗ್ಧೆಯಂತೆ ನಟಿಸುವವಳು ಎಂಬ ಅರ್ಥವಿದೆಯಂತೆ. ಶಿಕ್ಷಕಿ ಅವರನ್ನು ಗದರಿಸಿ, 'ಹ' ಎಂಬ ಮನೆತನದ ಹೆಸರನ್ನು ಆರಿಸಿದರು. ಅದು ಇಲ್ಲಿ ನಿಜವಾಗಿ ಇರುವ ಉಪನಾಮ, ಬರೆಯುವ ಅಕ್ಷರ ಬೇರೆಯಾದರೂ ಉಚ್ಚಾರದಲ್ಲಿ ತಾವರೆ ಎಂಬ ಪದದಂತೆಯೇ ಕೇಳುತ್ತದೆ. ಹುಟ್ಟಿದಾಗಿನಿಂದ ಇಲ್ಲದಿದ್ದ ಉಪನಾಮ ಹೀಗೆ ಬಂತು. ಈಗ ಬಾಗಿಲಿನ ಮೇಲೆ 'ಹ ಲಾವ್‌ಶೀ' ಎಂದಿದೆ. ತಂದೆಯವರ ಫಲಕವನ್ನು ಮನೆಯಲ್ಲಿಟ್ಟಿದ್ದೇನೆ.

ಚಳಿಯ ಬಗ್ಗೆ ಯಾರೂ ಎಚ್ಚರಿಸಲಿಲ್ಲವಲ್ಲ! ಚಿನ್‌ಲಿಂಗ್ ಪರ್ವತ ಮತ್ತು ಹುಆಯ್ ನದಿಯ ಗೆರೆಯಿಂದ ಉತ್ತರಕ್ಕಿರುವ ಊರುಗಳಿಗೆ ಕೊಳವೆಗಳಲ್ಲಿ ಬಿಸಿ ಹರಿಯುತ್ತದೆ, ನಾವು ಗೆರೆಯ ದಕ್ಷಿಣದಲ್ಲಿದ್ದೇವೆ. ಹೊರಗೆ ಆರು ಡಿಗ್ರಿ, ಒಳಗೂ ಹೆಚ್ಚುಕಡಿಮೆ ಅಷ್ಟೇ, ಗಾಳಿಯಾಡಲೆಂದು ಕಿಟಕಿಗಳು ಬೇರೆ ತೆರೆದಿರುತ್ತವೆ. ಕೋಟು ಹಾಕಿಕೊಂಡೇ ಪಾಠ ಮಾಡುತ್ತೇನೆ. ಸೂರ್ಯನನ್ನು ನೋಡಿ ಹನ್ನೊಂದು ದಿನಗಳಾದವು. ಸಿಚುವಾನಿನ ನಾಯಿಗಳು ಸೂರ್ಯ ಬಂದರೆ ಬೊಗಳುತ್ತವೆ ಎಂಬ ಹಳೆಯ ಗಾದೆ ಇಲ್ಲಿಯದೇ.

ಅಘನಾಶಿನಿ (ಚೆಂಗ್ಡು), ಡಿಸೆಂಬರ್ 14

ಚಳಿಯ ಮಾತು ಬಿಟ್ಟುಹೋದದ್ದು ನನ್ನದೇ ತಪ್ಪು. ಹಾಸಿಗೆಯ ಕೆಳಗೆ ಹಾಸುವ ವಿದ್ಯುತ್ ಕಂಬಳಿಯನ್ನು ಇಂದೇ ತರಿಸಿ, ಮಲಗುವ ಅರ್ಧ ಗಂಟೆ ಮೊದಲು ಹಚ್ಚಿ, ಮಲಗುವಾಗ ಆರಿಸಿ. ಥರ್ಮಾಸಿನಲ್ಲಿ ಬಿಸಿನೀರು ಹಿಡಿದು ತಿರುಗುವವರನ್ನು ನೋಡಿ ನಾನೂ ಮೊದಲು ನಗುತ್ತಿದ್ದೆ. ಭಾನುವಾರ ಮನೆಗೆ ಬನ್ನಿ, ಸಾರು ಅನ್ನ ಮಾಡಿರುತ್ತೇನೆ.

ನಳಿನಿ ಎಚ್. ಎಸ್. (ಚೆಂಗ್ಡು), ಡಿಸೆಂಬರ್ 15

ಖಂಡಿತ ಬರುತ್ತೇನೆ. ತುಂಗಾತೀರ ಅವರಲ್ಲಿ ಇನ್ನೊಂದು ಪ್ರಶ್ನೆ. ಮುಂದಿನ ಜುಲೈಗೆ ಪತಿ ಮತ್ತು ಮಗಳನ್ನು ಕರೆಸಿಕೊಳ್ಳೋಣವೆಂದಿದ್ದೇನೆ. ಕುಟುಂಬದವರಿಗೆ ಕೊಡುವ ಎಸ್1 ವೀಸಾದಲ್ಲಿ ಬಂದ ಪತಿ ಇಲ್ಲಿ ಕೆಲಸ ಮಾಡುವಂತಿಲ್ಲ ಎಂಬುದು ಗೊತ್ತು. ಅವರು ಒಂದು ವರ್ಷ ರಜೆ ಹಾಕಿ ಬರುತ್ತಾರೆ. ವಿವಾಹ ಪ್ರಮಾಣಪತ್ರವನ್ನು ದೃಢೀಕರಿಸಲು ತೆಗೆದು ನೋಡಿದರೆ ಅದರಲ್ಲಿ ನನ್ನ ಹೆಸರು 'ಎಚ್. ಎಸ್. ನಳಿನಿ' ಎಂದಿದೆ. ಮಗಳ ಜನನ ಪ್ರಮಾಣಪತ್ರದಲ್ಲಿ ಬರೀ 'ನಳಿನಿ'.

ತುಂಗಾತೀರ (ಸುಜೋ), ಡಿಸೆಂಬರ್ 15

ಮೇಡಂ, ಅವುಗಳ ಮೇಲೆ ಮುದ್ರೆ ಹಾಕಿಸಲು ಈಗಲೇ ಕೊಡಬೇಡಿ. ತಪ್ಪು ಹೆಸರಿನ ಮೇಲೆ ಮೂರು ಮುದ್ರೆ ಬಿದ್ದರೂ ಅದು ತಪ್ಪು ಹೆಸರೇ. ಮೊದಲು ನೋಂದಣಿ ಮಾಡಿದ ಕಚೇರಿಗಳಲ್ಲಿ ಪಾಸ್‌ಪೋರ್ಟಿನ ಪ್ರತಿ ಕೊಟ್ಟು, ಹೆಸರನ್ನು ತಿದ್ದಿದ ಹೊಸ ಪ್ರತಿ ಸಿಗುತ್ತದೆಯೇ ಎಂದು ಕೇಳಿಸಿ. ಸಿಗದಿದ್ದರೆ, ಎರಡೂ ಹೆಸರುಗಳು ಒಬ್ಬರವೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಬಹುದು. ಅದನ್ನು ಒಪ್ಪುತ್ತಾರೆಯೇ ಎಂದು ನಿಮ್ಮ ಶಾಲೆಯ ಮೂಲಕ ಅಲ್ಲಿನ ವಲಸೆ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ. ನನ್ನ ಹೆಂಡತಿಯ ವಿಷಯದಲ್ಲಿ ಒಪ್ಪಿದ್ದರು, ಆದರೆ ಅದು ಬೇರೆ ಊರು.

ನಳಿನಿ ಎಚ್. ಎಸ್. (ಚೆಂಗ್ಡು), ಡಿಸೆಂಬರ್ 15

ಧನ್ಯವಾದಗಳು, ಸರ್. ಸೋಮವಾರ ಪತಿ ಹಾಸನದ ಉಪನೋಂದಣಿ ಕಚೇರಿಗೆ ಹೋಗಲಿದ್ದಾರೆ. ನನ್ನ ಹೆಸರಿನ ಚೀಟಿಯ ಫೋಟೊವನ್ನು ಈಗ ತಾನೇ ಅವರಿಗೆ ಕಳುಹಿಸಿದೆ.